ವಿಮರ್ಶೆಯ ಅಭ್ಯಾಸ: ಯೋಜನೆ ಮತ್ತು ಪರಿಷ್ಕರಣ

೧

ನಮ್ಮ ಕಾಲೇಜುಗಳಲ್ಲಿ ಸಾಹಿತ್ಯವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಯು ಕಾವ್ಯಗಳನ್ನು ಓದುತ್ತಾನೆ. ಕಾವ್ಯಮೀಮಾಂಸೆಯ ತತ್ತ್ವಗಳನ್ನು ಕಲಿಯುತ್ತಾನೆ. ಸಾಹಿತ್ಯ ಚರಿತ್ರೆಯ ಘಟ್ಟಗಳನ್ನು ನೆನಪಿನಲ್ಲಿಡುತ್ತಾನೆ. ಆದರೆ ಓದಿದ ಕಾವ್ಯವನ್ನು ಕುರಿತು ತಾನೇ ಒಂದು ವಿಮರ್ಶಾ ಪ್ರಬಂಧವನ್ನು ಹೇಗೆ ಕಟ್ಟಬೇಕೆಂಬುದನ್ನು ಅವನಿಗೆ ಪ್ರತ್ಯೇಕವಾಗಿ ಹೇಳಿಕೊಡುವ ಪದ್ಧತಿ ನಮ್ಮಲ್ಲಿ ವಿರಳ. ಅದು ಓದಿನ ಜೊತೆಯಲ್ಲಿ ತಾನಾಗಿಯೇ ಬರತಕ್ಕ ವಿದ್ಯೆಯೆಂದು ನಾವು ಭಾವಿಸಿಬಿಟ್ಟಿದ್ದೇವೆ. ಹೀಗಾಗಿ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಬಹುಮಟ್ಟಿಗೆ ಕಾಣಬರುವುದು ಎರವಲು ತಂದ ಅಭಿಪ್ರಾಯಗಳ ಸಂಗ್ರಹ. ಯಾರೋ ಹಿರಿಯ ವಿಮರ್ಶಕರು ತಮ್ಮ ದೀರ್ಘ ವ್ಯಾಸಂಗದ ಫಲವಾಗಿ ಆಡಿದ ಮಾತೊಂದು ಕೈಪಿಡಿಯನ್ನು ಸೇರಿ, ಕೈಪಿಡಿಯಿಂದ ಟಿಪ್ಪಣಿ ಪುಸ್ತಕಕ್ಕಿಳಿದು, ಕಡೆಗೆ ನೂರಾರು ಲೇಖನಿಗಳಿಂದ ಒಂದೇ ರೂಪದಲ್ಲಿ ಹೊರಬೀಳುತ್ತದೆ. ಮಾತು ಸುಳ್ಳಲ್ಲ, ಆದರೆ ಅದನ್ನು ಬರೆದವನ ಪಾಲಿಗೆ ಅದು ನಿಜವೂ ಅಲ್ಲ, ಏಕೆಂದರೆ ಅದನ್ನು ಅವನು ಕಾವ್ಯದಲ್ಲಿ ಕಂಡುಕೊಂಡಿಲ್ಲ.

ಇದರಿಂದಾಗುವ ನಷ್ಟ ಅಂಕಗಳದಲ್ಲ. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಅಧ್ಯಾಪಕರಾಗತಕ್ಕವರು. ತಮ್ಮ ಕಣ್ಣಿನಿಂದ ಒಂದು ಪದ್ಯವನ್ನಾದರೂ ಅಳೆದು ನೋಡದವರು ಮುಂದಿನ ತಲೆಮಾರಿಗೆ ಕೊಡಬಲ್ಲದ್ದು ಎರವಲಿನ ಎರವಲನ್ನು ಮಾತ್ರ. ಹಳಗನ್ನಡ ಕಾವ್ಯಗಳ ವಿಷಯದಲ್ಲಂತೂ ಈ ಅಪಾಯ ಹೆಚ್ಚು. ಅವುಗಳ ಭಾಷೆ ದಿನದಿನಕ್ಕೆ ನಮ್ಮಿಂದ ದೂರವಾಗುತ್ತಿರುವಾಗ, ಕಾವ್ಯವನ್ನು ಬಿಟ್ಟು ಕಾವ್ಯದ ಕೀರ್ತಿಯನ್ನಷ್ಟೇ ಓದುವ ಅಭ್ಯಾಸ ಬೆಳೆದರೆ, ಕವಿಯ ಹೆಸರು ಉಳಿದು ಕವಿಯ ಮಾತು ಅಳಿಯುವುದರಲ್ಲಿ ಸಂದೇಹವಿಲ್ಲ.

ಪ್ರಕೃತ ಲೇಖನದಲ್ಲಿ, ವಿಮರ್ಶೆಯನ್ನು ಬರೆಯುವ ವಿದ್ಯೆಯನ್ನು ಕಲಿಯಬಹುದು, ಕಲಿಸಬಹುದು ಎಂಬುದನ್ನೂ, ಯೋಜನೆ ಮತ್ತು ಪರಿಷ್ಕರಣಗಳೆಂಬ ಎರಡು ಕಾರ್ಯಗಳಲ್ಲಿ ಆ ಕಲಿಕೆಯ ತಿರುಳಿದೆ ಎಂಬುದನ್ನೂ ಒಂದು ಉದಾಹರಣೆಯ ಮೂಲಕ ವಿವರಿಸಲು ಯತ್ನಿಸುತ್ತೇವೆ. ಪರಿಷ್ಕರಣವೆಂದರೆ ವಾಕ್ಯಗಳಿಗೆ ಒಪ್ಪಕೊಡುವುದಲ್ಲ, ಕಾವ್ಯವನ್ನು ಮತ್ತೆ ಓದುವುದು ಎಂಬುದೇ ನಮ್ಮ ಮುಖ್ಯ ಪ್ರತಿಪಾದನೆ.

೨

ವಿಮರ್ಶನ ಶಕ್ತಿಯು ಹುಟ್ಟಿನಿಂದ ಬರತಕ್ಕದ್ದು, ಅದನ್ನು ಕಲಿಸಲು ಬಾರದು ಎಂಬ ಆಕ್ಷೇಪವನ್ನು ಮೊದಲು ಪರಿಶೀಲಿಸಬೇಕು. ನಮ್ಮ ಆಲಂಕಾರಿಕರು ಪ್ರತಿಭೆಯ ಮಹತ್ವವನ್ನು ಎಲ್ಲಿಯೂ ಅಲ್ಲಗಳೆದಿಲ್ಲ. 'ಕಾವ್ಯಮೀಮಾಂಸೆ'ಯನ್ನು ಬರೆದ ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದು ಕವಿಗೂ ಎರಡನೆಯದು ಭಾವಕನಿಗೂ, ಎಂದರೆ ಕಾವ್ಯವನ್ನು ಆಸ್ವಾದಿಸಿ ವಿವೇಚಿಸತಕ್ಕವನಿಗೂ, ಉಪಕಾರಕವೆಂದನು. ಆದರೆ ಅದೇ ಗ್ರಂಥದಲ್ಲಿ ಅವನು ಭಾವಕರ ಬಗೆಗಳನ್ನು ಹೇಳುವಾಗ, ಯಾವುದೂ ರುಚಿಸದ ಅರೋಚಕಿಯನ್ನೂ, ಹುಲ್ಲು ಕಾಳುಗಳ ಭೇದವಿಲ್ಲದೆ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿಯನ್ನೂ, ಮತ್ಸರಿಯನ್ನೂ, ಕೊನೆಗೆ ತತ್ತ್ವಾಭಿನಿವೇಶಿಯನ್ನೂ ಹೆಸರಿಸುತ್ತಾನೆ. ಈ ವಿಂಗಡಣೆಯಲ್ಲಿ ನಮ್ಮ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹತ್ತಿರದವನು ಸತೃಣಾಭ್ಯವಹಾರಿ. ಅವನಿಗೆ ಪಾಠವಾದ ಪದ್ಯವೆಲ್ಲ ರಸಪೂರ್ಣ. ಹೆಸರಾದ ಕವಿಯೆಲ್ಲ ಮಹಾಕವಿ. ಅವನಿಂದ ತತ್ತ್ವಾಭಿನಿವೇಶಿಯವರೆಗಿನ ದಾರಿಯನ್ನು ಪ್ರತಿಭೆಯೊಂದರಿಂದಲೇ ಕ್ರಮಿಸಲಾಗದು. ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಹೇತುವನ್ನು ಹೇಳುವಾಗ ಶಕ್ತಿ ನಿಪುಣತೆಗಳೊಡನೆ, ಕಾವ್ಯಜ್ಞರ ಶಿಕ್ಷಣದಿಂದ ದೊರೆಯುವ ಅಭ್ಯಾಸವನ್ನೂ ಸೇರಿಸಿದನು. ಕವಿಗೇ ಅಭ್ಯಾಸ ಬೇಕಾದ ಮೇಲೆ ಭಾವಕನಿಗೆ ಅದು ಬೇಡವೆಂದು ಹೇಗೆ ಹೇಳುವುದು?

ಪಾಶ್ಚಾತ್ಯರಲ್ಲಿಯೂ ಈ ಪ್ರಶ್ನೆಯನ್ನು ಪ್ರಯೋಗದ ಮೂಲಕ ಎದುರಿಸಿದವರುಂಟು. ಐ. ಎ. ರಿಚರ್ಡ್ಸ್ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಕವಿಯ ಹೆಸರನ್ನು ಮರೆಸಿ ಕವನಗಳನ್ನು ಹಂಚಿ, ಓದಿದವರು ಬರೆದುಕೊಟ್ಟ ಅಭಿಪ್ರಾಯಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅದರ ಫಲವಾಗಿ ೧೯೨೯ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಪ್ರಕಟವಾಯಿತು. ಸುಶಿಕ್ಷಿತರಾದ ಓದುಗರೂ ಕವನದ ಸರಳವಾದ ಅರ್ಥವನ್ನೇ ತಪ್ಪಿ ತಿಳಿಯಬಲ್ಲರು. ಕವನವು ನಿಜವಾಗಿ ಎಬ್ಬಿಸಿದ ಭಾವದ ಬದಲು, ತಮ್ಮಲ್ಲಿ ಮೊದಲೇ ಸಿದ್ಧವಾಗಿರುವ ಪ್ರತಿಕ್ರಿಯೆಯೊಂದನ್ನು ಮುಂದಿಡಬಲ್ಲರು ಎಂಬುದು ಅಲ್ಲಿ ಸ್ಪಷ್ಟವಾಯಿತು. ರಿಚರ್ಡ್ಸ್ ಅವರ ಓದುಗರಿಗೆ ಕವಿಯ ಹೆಸರು ಗೊತ್ತಿಲ್ಲದೆ ಕಾಲು ಜಾರಿತು. ನಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಚೆನ್ನಾಗಿ ಗೊತ್ತಿರುವುದರಿಂದಲೇ ಕಾಲು ಜಾರುತ್ತದೆ. ಎರಡು ಕಡೆಯಲ್ಲಿಯೂ ರೋಗ ಒಂದೇ: ಓದುವುದಕ್ಕೆ ಮೊದಲೇ ತೀರ್ಪು ಸಿದ್ಧವಾಗಿರುವುದು.

೩

ಈಗ ಉದಾಹರಣೆಗೆ ಬರೋಣ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ರನ್ನನ 'ಗದಾಯುದ್ಧ'ದ ದುರ್ಯೋಧನನನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ ಎಂದು ಕಲ್ಪಿಸಿಕೊಳ್ಳೋಣ. ವಿಷಯವನ್ನು ಬೇಕೆಂದೇ ಸುಪರಿಚಿತವಾದದ್ದನ್ನು ಆರಿಸಿದ್ದೇವೆ. ಎರವಲಿನ ಮಾತು ಎಲ್ಲಿ ಹೇರಳವಾಗಿದೆಯೋ ಅಲ್ಲಿಯೇ ಸ್ವಂತ ಓದಿನ ಪರೀಕ್ಷೆ.

'ಸಾಹಸಭೀಮವಿಜಯ'ವೆಂಬ ಇನ್ನೊಂದು ಹೆಸರುಳ್ಳ ಈ ಕಾವ್ಯ ಹತ್ತು ಆಶ್ವಾಸಗಳ ಚಂಪು. ಪಂಪನು ೯೪೧ರಲ್ಲಿ ಮುಗಿಸಿದ 'ವಿಕ್ರಮಾರ್ಜುನ ವಿಜಯ'ದ ಹದಿಮೂರನೆಯ ಆಶ್ವಾಸದಲ್ಲಿ ಬರುವ ಪ್ರಸಂಗವನ್ನು ರನ್ನನು ಒಂದು ಸಂಪೂರ್ಣ ಕಾವ್ಯವಾಗಿ ಬೆಳೆಯಿಸಿದನು. ಚಾಲುಕ್ಯ ತೈಲಪನ ಮಗನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭೀಮನನ್ನೇ ಕಥಾನಾಯಕನನ್ನಾಗಿ ಮಾಡಿದನು. ಭಾರತದ ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಒಳಗೊಳಿಸಿಕೊಂಡನು. ಇಷ್ಟು ಸಂಗತಿಗಳು ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ದೊರೆಯುತ್ತವೆ.

ನಮ್ಮ ವಿದ್ಯಾರ್ಥಿನಿಯ ಮೊದಲ ಕರಡು ಸಹ ಇವುಗಳಿಂದಲೇ ಆರಂಭವಾಗುತ್ತದೆ. ಮೊದಲ ಎರಡು ಪುಟಗಳಲ್ಲಿ ಕವಿಯ ಕಾಲ, ಆಶ್ರಯ, ಕೃತಿಗಳು. ಅನಂತರ ನಾಲ್ಕು ಪುಟಗಳಲ್ಲಿ ಕಥಾಸಾರ. ಕೊನೆಯ ಒಂದು ಪುಟದಲ್ಲಿ ದುರ್ಯೋಧನನು ಧೀರ, ಸ್ನೇಹಪರ, ಛಲವಂತ, ದುರಂತ ನಾಯಕ ಎಂಬ ನಿರ್ಣಯ. ನಡುನಡುವೆ 'ಅದ್ಭುತ', 'ಅಮೋಘ', 'ಹೃದಯಂಗಮ' ಎಂಬ ವಿಶೇಷಣಗಳು. ಈ ಕರಡಿನಲ್ಲಿ ತಪ್ಪಾದ ಸಂಗತಿ ಒಂದೂ ಇಲ್ಲದಿರಬಹುದು. ಆದರೂ ಇದು ವಿಮರ್ಶೆಯಲ್ಲ. ಕಾರಣವೇನೆಂದರೆ, ಇದರಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆಯಿಲ್ಲದ ಕಡೆ ಸಾಕ್ಷ್ಯಕ್ಕೆ ಕೆಲಸವಿಲ್ಲ. ಸಾಕ್ಷ್ಯಕ್ಕೆ ಕೆಲಸವಿಲ್ಲದ ಕಡೆ ಕಥಾಸಾರವು ಬಂದು ಆ ಸ್ಥಳವನ್ನು ತುಂಬುತ್ತದೆ.

ಈ ಕರಡನ್ನು ಹರಿದು ಹಾಕಬೇಕೆಂದು ನಾವು ಹೇಳುವುದಿಲ್ಲ. ತನಗೆ ಈಗಾಗಲೇ ಏನು ಗೊತ್ತಿದೆ, ಅದರಲ್ಲಿ ಎಷ್ಟು ಇತರರದು ಎಂಬುದನ್ನು ಬರೆದವಳಿಗೆ ಅದು ತೋರಿಸಿಕೊಡುತ್ತದೆ. ಪ್ರತಿಯೊಂದು ವಾಕ್ಯದ ಪಕ್ಕದಲ್ಲಿಯೂ 'ಇದು ನನಗೆ ಎಲ್ಲಿಂದ ಬಂದಿತು?' ಎಂದು ಕೇಳಿಕೊಂಡು ಗುರುತು ಹಾಕಿಕೊಂಡರೆ ಸಾಕು. ಯೋಜನೆಯ ಮೊದಲ ಹೆಜ್ಜೆಯನ್ನು ಇಟ್ಟಂತಾಯಿತು.

೪

ಯೋಜನೆಯೆಂದೊಡನೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆಗಳನ್ನು ಗೀಚಿಕೊಳ್ಳುವುದು ರೂಢಿ. ಇದು ಪೆಟ್ಟಿಗೆಯನ್ನು ಮಾಡಿಟ್ಟುಕೊಂಡು ಒಳಗಿಡುವ ವಸ್ತುವನ್ನು ಹುಡುಕಿದಂತೆ. ವಿಮರ್ಶೆಯ ಯೋಜನೆ ಆರಂಭವಾಗಬೇಕಾದದ್ದು ಓದುವಾಗ ಮನಸ್ಸು ತಡೆದು ನಿಂತ ಸ್ಥಳಗಳಿಂದ. ಆದಕಾರಣ ನಮ್ಮ ವಿದ್ಯಾರ್ಥಿನಿಯು ವಿಮರ್ಶಾ ಗ್ರಂಥಗಳನ್ನು ಸದ್ಯಕ್ಕೆ ಮುಚ್ಚಿಟ್ಟು, ಕಾವ್ಯದ ಒಂದು ಭಾಗವನ್ನು, ಎಂದರೆ ದುರ್ಯೋಧನನು ಸಂಜಯನೊಡನೆ ಯುದ್ಧಭೂಮಿಯಲ್ಲಿ ನಡೆದು ಬರುವ ಭಾಗವನ್ನು, ನಿಘಂಟನ್ನು ಕೈಯಲ್ಲಿ ಹಿಡಿದು ಎರಡು ಸಲ ಓದುತ್ತಾಳೆ. ಮೊದಲನೆಯ ಸಲ ಅರ್ಥಕ್ಕಾಗಿ. ಎರಡನೆಯ ಸಲ, ತನ್ನನ್ನು ತಡೆದ ಮಾತುಗಳಿಗೆ ಗುರುತು ಹಾಕುವುದಕ್ಕಾಗಿ.

ಅವಳ ಟಿಪ್ಪಣಿ ಹೀಗಿರಬಹುದು. ಸತ್ತು ಬಿದ್ದಿರುವ ಮಗ ಲಕ್ಷ್ಮಣಕುಮಾರನನ್ನು ಕಂಡು ದುರ್ಯೋಧನನು ಆಡುವ ಮಾತಿನ ಸಾರ, ತಂದೆಗೆ ಮಗನು ತರ್ಪಣ ಕೊಡುವುದು ಉಚಿತವಾಗಿರಲು ಇಲ್ಲಿ ಆ ಕ್ರಮ ತಲೆಕೆಳಗಾಯಿತಲ್ಲ ಎಂಬುದು. ತಮ್ಮ ದುಶ್ಶಾಸನನನ್ನು ಕಂಡಾಗ, ತಾಯಿಯ ಹಾಲನ್ನು ಮೊದಲು ತಾನು ಕುಡಿದು ಅನಂತರ ತಮ್ಮನು ಕುಡಿದದ್ದನ್ನು ನೆನೆದು, ಸಾವಿನಲ್ಲಿ ಮಾತ್ರ ತಮ್ಮನೇ ಮೊದಲಿಗನಾದನೆಂದು ಶೋಕಿಸುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಮನಸಾರೆ ಹೊಗಳಿ, ಅಂಥ ಮರಣ ತನಗೂ ಬರಲೆಂದು ಬಯಸುತ್ತಾನೆ. ಕರ್ಣನ ಹುಟ್ಟಿನ ಗುಟ್ಟನ್ನು ಬಲ್ಲ ಕೆಲವರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುತ್ತಾನೆ. ಕಡೆಗೆ ಶರಶಯ್ಯೆಯ ಭೀಷ್ಮನ ಮುಂದೆ, ತನ್ನ ಹೋರಾಟ ನೆಲದ ಆಸೆಯಿಂದಲ್ಲ, ಛಲಕ್ಕಾಗಿ ಎಂಬ ಅರ್ಥದ ಮಾತನ್ನಾಡುತ್ತಾನೆ.

ಟಿಪ್ಪಣಿಯನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡುದರ ಪ್ರಯೋಜನ ಈಗ ಕಾಣುತ್ತದೆ. ಪುಸ್ತಕದಲ್ಲಿ ದೂರ ದೂರವಿದ್ದ ಮಾತುಗಳು ಹತ್ತಿರ ಬಂದಾಗ ಅವುಗಳ ಸಾಮ್ಯ ಕಣ್ಣಿಗೆ ಬೀಳುತ್ತದೆ. ಮಗನ ಮುಂದೆಯೂ ತಮ್ಮನ ಮುಂದೆಯೂ ದುರ್ಯೋಧನನ ದುಃಖವು ಒಂದೇ ರೂಪವನ್ನು ತಾಳಿದೆ: ಕಿರಿಯರು ಹಿರಿಯರ ಹಿಂದೆ ಬರಬೇಕಾದ ಕ್ರಮ ಮುರಿದುಹೋಯಿತೆಂಬ ರೂಪವನ್ನು. ಇದನ್ನು ಯಾವ ಕೈಪಿಡಿಯೂ ಅವಳಿಗೆ ಹೇಳಿಕೊಡಲಿಲ್ಲ. ಬೇರೆ ಯಾರೂ ಇದನ್ನು ಕಂಡಿಲ್ಲವೆಂದಲ್ಲ. ಅವಳು ತಾನಾಗಿ ಕಂಡಳು ಎಂಬುದೇ ಇಲ್ಲಿ ಮುಖ್ಯ.

ಇಲ್ಲಿಂದ ಮುಂದಿನ ಹೆಜ್ಜೆ, ಕಂಡದ್ದನ್ನು ಪ್ರಶ್ನೆಯನ್ನಾಗಿ ಮಾಡುವುದು. 'ದುರ್ಯೋಧನನು ದುರಂತ ನಾಯಕನೇ?' ಎಂಬುದು ಅವಳ ಮೊದಲಿನ ವಿಷಯ. ಅದಕ್ಕೆ ಹೌದು ಅಲ್ಲ ಎಂಬ ಉತ್ತರಗಳು ಮೊದಲೇ ಸಿದ್ಧವಾಗಿವೆ. 'ಯುದ್ಧಭೂಮಿಯಲ್ಲಿ ರನ್ನನು ದುರ್ಯೋಧನನ ದುಃಖಕ್ಕೆ ಎಂತಹ ಆಕಾರವನ್ನು ಕೊಟ್ಟಿದ್ದಾನೆ? ಆ ದುಃಖ ಮುಂದೆ ಏನಾಗಿ ಪರಿಣಮಿಸುತ್ತದೆ?' ಎಂಬ ಪ್ರಶ್ನೆಗಾದರೋ ಪದ್ಯಗಳನ್ನು ತೆರೆಯದೆ ಉತ್ತರ ಹೇಳಲಾಗದು. ಒಳ್ಳೆಯ ಪ್ರಶ್ನೆಯ ಲಕ್ಷಣಗಳು ಎರಡೆಂದು ನಾವು ತಿಳಿಯುತ್ತೇವೆ: ಕಾವ್ಯವನ್ನು ಬಲ್ಲವನೊಬ್ಬನು ಅದರ ಉತ್ತರವನ್ನು ವಿರೋಧಿಸಲು ಅವಕಾಶವಿರಬೇಕು, ವಿರೋಧವನ್ನು ತೀರ್ಮಾನಿಸಲು ಕಾವ್ಯಕ್ಕೇ ಹಿಂದಿರುಗಬೇಕಾಗಿ ಬರಬೇಕು.

ಆ ಬಳಿಕ ಅವಳು ಒಂದು ಪುಟದ ಯೋಜನೆಯನ್ನು ಬರೆಯುತ್ತಾಳೆ. ಪ್ರತಿಯೊಂದು ಕಂಡಿಕೆ ಮಾಡಬೇಕಾದ ಕೆಲಸವನ್ನು ಒಂದೊಂದು ಪೂರ್ಣ ವಾಕ್ಯದಲ್ಲಿ ಬರೆಯಬೇಕು. ಬರಿಯ ಶೀರ್ಷಿಕೆ ಸಾಲದು. 'ಲಕ್ಷ್ಮಣಕುಮಾರ' ಎಂದಷ್ಟೇ ಬರೆದರೆ ಅಲ್ಲಿ ಕಥೆ ಬಂದು ಕುಳಿತುಕೊಳ್ಳುತ್ತದೆ. 'ಮಗನ ಮುಂದೆ ಆಡಿದ ಮಾತಿನಲ್ಲಿ ಶೋಕವು ಕ್ರಮಭಂಗದ ರೂಪವನ್ನು ತಾಳುತ್ತದೆ' ಎಂದು ಬರೆದರೆ ಕಂಡಿಕೆಯು ತನ್ನ ಹೊಣೆಯನ್ನು ತಿಳಿದಿರುತ್ತದೆ. ಹಾಳೆಯ ಬಲಗಡೆ ಸ್ವಲ್ಪ ಜಾಗ ಬಿಟ್ಟು, ಆ ಮಾತಿಗೆ ವಿರುದ್ಧವಾಗಿ ನಿಲ್ಲಬಹುದಾದ ಸ್ಥಳಗಳನ್ನೂ ಗುರುತಿಸಿಕೊಳ್ಳಬೇಕು. ಆ ಜಾಗ ಖಾಲಿಯಾಗಿಯೇ ಉಳಿದರೆ ಪ್ರತಿಪಾದನೆ ಗಟ್ಟಿಯೆಂದು ಅರ್ಥವಲ್ಲ. ಓದು ಸಾಲದೆಂದು ಅರ್ಥ.

೫

ಎರಡನೆಯ ಕರಡು ಈ ಯೋಜನೆಯಿಂದ ಹುಟ್ಟುತ್ತದೆ. ಅದರ ಪ್ರತಿಪಾದನೆಯ ಸಾರ ಇದು: ಧರ್ಮದ ಕ್ರಮವನ್ನು ಕೆಡಿಸಿದವನ ಕಣ್ಣಿಗೆ ಬಾಳಿನ ಕ್ರಮವೇ ಕೆಟ್ಟುದಾಗಿ ಕಾಣುವಂತೆ ರನ್ನನು ಮಾಡಿದ್ದಾನೆ, ದುರ್ಯೋಧನನಿಗೆ ಇಲ್ಲಿ ತನ್ನ ತಪ್ಪಿನ ಅರಿವಾಗುತ್ತದೆ, ಆದುದರಿಂದ ಅವನೇ ಈ ಕಾವ್ಯದ ನಿಜವಾದ ನಾಯಕ.

ಮಾತು ಸುಂದರವಾಗಿದೆ. ಸುಂದರವಾದ ಮಾತನ್ನೇ ಹೆಚ್ಚಾಗಿ ಶಂಕಿಸಬೇಕು. ಅಧ್ಯಾಪಕನ ಕೆಲಸ ಇಲ್ಲಿ ಆರಂಭವಾಗುತ್ತದೆ. ಅದು ತಿದ್ದುವುದಲ್ಲ, ಕೇಳುವುದು. ಮೂರು ಪ್ರಶ್ನೆಗಳನ್ನು ಅವನು ಕರಡಿನ ಅಂಚಿನಲ್ಲಿ ಬರೆಯುತ್ತಾನೆಂದು ಇಟ್ಟುಕೊಳ್ಳೋಣ.

ಮೊದಲನೆಯದು: ತಪ್ಪಿನ ಅರಿವು ಯಾವ ಪದ್ಯದಲ್ಲಿದೆ? ವಿದ್ಯಾರ್ಥಿನಿ ಮತ್ತೆ ಕಾವ್ಯಕ್ಕೆ ಹೋಗುತ್ತಾಳೆ. ಮಗನ ಮುಂದಿನ ಮಾತಿನಲ್ಲಿಯೂ ತಮ್ಮನ ಮುಂದಿನ ಮಾತಿನಲ್ಲಿಯೂ ಅಗಲಿಕೆಯ ಸಂಕಟವಿದೆ. ಆ ಅಗಲಿಕೆಗೆ ತನ್ನ ಕಾರ್ಯವೇ ಕಾರಣವೆಂಬ ಒಪ್ಪಿಗೆಯನ್ನು ಅವಳು ನಿರೀಕ್ಷಿಸಿದ್ದ ಸ್ಥಳಗಳಲ್ಲಿ ಕಾಣಲಾರಳು. ಕ್ರಮ ಕೆಟ್ಟಿತೆಂದು ಹೇಳುವವನು ದುರ್ಯೋಧನ. ಅದನ್ನು ಕೆಡಿಸಿದವರು ಯಾರೆಂದು ನೆನೆಯುವವನು ಓದುಗ. ಪಾತ್ರಕ್ಕೆ ಆದ ಅರಿವು ಬೇರೆ, ಓದುಗನಿಗೆ ಆಗುವ ಅರಿವು ಬೇರೆ. ಅವಳು ಎರಡನ್ನೂ ಒಂದಾಗಿ ಕೂಡಿಸಿಬಿಟ್ಟಿದ್ದಳು.

ಎರಡನೆಯದು: ಕರ್ಣನ ಪ್ರಸಂಗವನ್ನು ಏಕೆ ಬಿಟ್ಟಿರಿ? ಅದು ಅವಳ ಟಿಪ್ಪಣಿಯಲ್ಲಿತ್ತು, ಕರಡಿನಲ್ಲಿಲ್ಲ. ತನ್ನ ಪ್ರತಿಪಾದನೆಗೆ ಹೊಂದದ್ದರಿಂದ ಅದು ಅರಿವಿಲ್ಲದೆಯೇ ಜಾರಿಹೋಗಿತ್ತು. ಈಗ ಮತ್ತೆ ಓದಿದಾಗ ಅದರ ತೂಕ ತಿಳಿಯುತ್ತದೆ. ಕರ್ಣನು ಕುಂತಿಯ ಮಗನೆಂಬುದು ದುರ್ಯೋಧನನಿಗೆ ಗೊತ್ತಿದ್ದುದಾದರೆ, ಅಣ್ಣನನ್ನು ತಮ್ಮಂದಿರ ಮೇಲೆ ಯುದ್ಧಕ್ಕೆ ಬಿಟ್ಟದ್ದು ಅರಿಯದೆ ಮಾಡಿದ ಕಾರ್ಯವಾಗಲಿಲ್ಲ. ಸ್ನೇಹದ ಪರಮಾವಧಿಯೆಂದು ತೋರುವ ಅದೇ ಮಾತಿನಲ್ಲಿ ಅವನ ಅಪರಾಧವೂ ಅಡಗಿದೆ. ಕಿರಿಯರು ಹಿರಿಯರ ಕ್ರಮ ಮುರಿಯಿತೆಂದು ಮರುಗುವವನು ತಾನೇ ಅಣ್ಣತಮ್ಮಂದಿರ ಕ್ರಮವನ್ನು ಬಲ್ಲವನಾಗಿಯೂ ಮರೆಮಾಚಿದ್ದನು. ಪ್ರತಿಪಾದನೆಗೆ ತೊಡಕೆಂದು ಕಂಡಿದ್ದ ಪದ್ಯವೇ ಅದಕ್ಕೆ ಆಳವನ್ನು ತಂದುಕೊಟ್ಟಿತು.

ಮೂರನೆಯದು: ದುರ್ಯೋಧನನೇ ನಾಯಕನಾದರೆ ಭೀಮನ ಗತಿಯೇನು? ದ್ರೌಪದಿಯ ಸಂಕಟ ಮತ್ತು ಭೀಮನ ಪ್ರತಿಜ್ಞೆಗಳಿಂದ ಕಾವ್ಯಕ್ಕೆ ಚಾಲನೆ ದೊರೆಯುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು, ನೀರಿನ ನಡುವೆಯೂ ಮೈ ಬೆವರುವಂತೆ ಮಾಡಿ ಹೊರಕ್ಕೆ ಎಳೆಯುವುದು ಭೀಮನ ಗರ್ಜನೆ. ಕೊನೆಯಲ್ಲಿ ಪಟ್ಟಾಭಿಷೇಕವಾಗುವುದೂ ಭೀಮನಿಗೇ. ಕವಿಯು ತನ್ನ ಆಶ್ರಯದಾತನನ್ನು ಸಮೀಕರಿಸಿರುವ ಪಾತ್ರವನ್ನು ಒಂದು ವಾಕ್ಯದಿಂದ ಬದಿಗೆ ಸರಿಸುವುದು ವಿಮರ್ಶೆಯಾಗಲಾರದು.

ವಿಮರ್ಶಾ ಗ್ರಂಥಗಳನ್ನು ತೆರೆಯಲು ಇದು ತಕ್ಕ ಸಮಯ. ಮೊದಲೇ ತೆರೆದಿದ್ದರೆ ಅವು ಅವಳ ಪರವಾಗಿ ಯೋಚಿಸುತ್ತಿದ್ದವು. ಈಗಲಾದರೋ ಅವಳೊಡನೆ ಮಾತನಾಡುತ್ತವೆ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಹೊರತಂದ 'ಗದಾಯುದ್ಧ ನಾಟಕಂ' ರನ್ನನ ಮಾತುಗಳನ್ನೇ ಬಹುಮಟ್ಟಿಗೆ ಆಯ್ದು ಜೋಡಿಸಿ, ಆ ಚಂಪುವಿನಿಂದ ಒಂದು ದುರಂತ ನಾಟಕವನ್ನು ರೂಪಿಸಿತು. ಮುಂದೆ ಸೋಫೊಕ್ಲೀಸನ ನಾಟಕವನ್ನು ಆಧಾರವಾಗಿಟ್ಟುಕೊಂಡು 'ಅಶ್ವತ್ಥಾಮನ್' ಬರೆದವರು, ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದವರು ಅವರೇ. ಗ್ರೀಕ್ ದುರಂತ ನಾಟಕಗಳ ಪರಿಚಯವಿದ್ದ ಕಣ್ಣು ರನ್ನನ ಕಾವ್ಯದಲ್ಲಿ ಒಂದು ದುರಂತವನ್ನು ಕಂಡು, ಆಯ್ಕೆಯ ಮೂಲಕ ಅದನ್ನು ಬೇರ್ಪಡಿಸಿ ತೋರಿಸಿತು. ಕಾವ್ಯವನ್ನೂ ನಾಟಕವನ್ನೂ ಪಕ್ಕದಲ್ಲಿಟ್ಟು ನೋಡಿದಾಗ, 'ದುರಂತ ನಾಯಕ' ಎಂಬ ಮಾತು ಸಮಗ್ರ ಕಾವ್ಯದ ವರ್ಣನೆಯಲ್ಲ, ಕಾವ್ಯದೊಳಗಿನ ಒಂದು ಶಕ್ತಿಶಾಲಿಯಾದ ಸಾಧ್ಯತೆಯ ವರ್ಣನೆ ಎಂದು ವಿದ್ಯಾರ್ಥಿನಿಗೆ ತಿಳಿಯುತ್ತದೆ. ತನ್ನ ಮೊದಲ ಕರಡಿನ ತೀರ್ಪು ಎಲ್ಲಿಂದ ಬಂದಿತೆಂಬುದೂ ಆಗ ಗೊತ್ತಾಗುತ್ತದೆ.

ಹೀಗೆ ಮೂರನೆಯ ಕರಡಿನ ಪ್ರತಿಪಾದನೆ ಸಿದ್ಧವಾಗುತ್ತದೆ: ರನ್ನನು ಭೀಮನಿಗೆ ವಿಜಯವನ್ನೂ ದುರ್ಯೋಧನನಿಗೆ ನಮ್ಮ ಮರುಕವನ್ನೂ ಹಂಚಿಕೊಟ್ಟಿದ್ದಾನೆ, ಯುದ್ಧಭೂಮಿಯ ನಡಿಗೆಯಲ್ಲಿ ದುರ್ಯೋಧನನ ಶೋಕ ಕ್ರಮಭಂಗದ ರೂಪದಲ್ಲಿ ವ್ಯಕ್ತವಾಗಿ, ಪಶ್ಚಾತ್ತಾಪದ ಕಡೆಗೆ ತಿರುಗದೆ, ಭೀಷ್ಮನ ಮುಂದೆ ಛಲವಾಗಿ ಗಟ್ಟಿಗೊಳ್ಳುತ್ತದೆ, ಅವನನ್ನು ಮರುಕಕ್ಕೆ ಪಾತ್ರನನ್ನಾಗಿ ಮಾಡುವ ಗುಣವೇ ಅವನನ್ನು ಸೋಲಿನತ್ತ ನಡೆಸುತ್ತದೆ. ಇದನ್ನು ಒಪ್ಪದವರು ಇರಬಹುದು. ಆದರೆ ಒಪ್ಪದವರೂ ರನ್ನನ ಪದ್ಯಗಳನ್ನು ತೆರೆದೇ ತಮ್ಮ ವಿರೋಧವನ್ನು ಹೇಳಬೇಕಾಗುತ್ತದೆ. ವಿಮರ್ಶೆಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಕಿಲ್ಲ.

೬

ಪ್ರತಿಪಾದನೆ ನಿಂತ ಮೇಲೆ ವಾಕ್ಯಗಳ ಸರದಿ. ಭಾಷೆಯನ್ನು ತಿದ್ದುವುದು ಇಲ್ಲಿಯೂ ಅಲಂಕಾರದ ಕೆಲಸವಲ್ಲ, ಸತ್ಯದ ಕೆಲಸ. ಕೆಲವು ಸ್ಥಳಗಳನ್ನು ಮಾತ್ರ ಸೂಚಿಸುತ್ತೇವೆ.

'ದುರ್ಯೋಧನನು ಎಲ್ಲಿಯೂ ಪಶ್ಚಾತ್ತಾಪ ಪಡುವುದಿಲ್ಲ' ಎಂದು ಬರೆದರೆ, ಆ 'ಎಲ್ಲಿಯೂ' ಎಂಬ ಒಂದು ಪದಕ್ಕೆ ಹತ್ತು ಆಶ್ವಾಸಗಳೂ ಸಾಕ್ಷಿ ಹೇಳಬೇಕು. 'ಮಗನ ಮತ್ತು ತಮ್ಮನ ಪ್ರಸಂಗಗಳಲ್ಲಿ ಎದ್ದು ಕಾಣುವುದು ಪಶ್ಚಾತ್ತಾಪವಲ್ಲ, ಅಗಲಿಕೆಯ ಸಂಕಟ' ಎಂದರೆ ಮಾತು ಕಿರಿದಾಯಿತು, ಆದರೆ ನಿಂತಿತು. 'ಎಂದಿಗೂ', 'ಸಂಪೂರ್ಣವಾಗಿ', 'ಏಕಮಾತ್ರ' ಮೊದಲಾದ ಪದಗಳನ್ನು ಕರಡಿನಲ್ಲಿ ಹುಡುಕಿ, ಒಂದೊಂದನ್ನೂ ಸಾಕ್ಷ್ಯದ ಮುಂದೆ ನಿಲ್ಲಿಸಿ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ವಿಶೇಷಣಗಳ ವಿಷಯವೂ ಹಾಗೆಯೇ. 'ಹೃದಯಂಗಮವಾದ ಪದ್ಯ' ಎಂಬ ಮಾತಿನಿಂದ ಪದ್ಯದ ವಿಷಯವಾಗಿ ಏನೂ ತಿಳಿಯುವುದಿಲ್ಲ. ಬರೆದವನು ಮೆಚ್ಚಿದನೆಂಬುದಷ್ಟೇ ತಿಳಿಯುತ್ತದೆ. ಮೆಚ್ಚುಗೆಗೆ ಕಾರಣವಾದ ಗುಣವನ್ನು ಹೇಳಿದರೆ ವಿಶೇಷಣ ತಾನಾಗಿಯೇ ಅನಾವಶ್ಯಕವಾಗುತ್ತದೆ. ಕರುಣ, ವೀರ, ಧ್ವನಿ, ಔಚಿತ್ಯ ಎಂಬ ಪಾರಿಭಾಷಿಕ ಪದಗಳನ್ನು ಬಳಸುವಾಗ ಅವುಗಳ ಶಾಸ್ತ್ರಾರ್ಥವನ್ನು ನೆನಪಿನಲ್ಲಿಡಬೇಕು. ದುಃಖದ ಸನ್ನಿವೇಶವಿದ್ದ ಮಾತ್ರಕ್ಕೆ ಕರುಣರಸವಾಗದು. ಛಲವು ವೀರದ ಕಡೆಗೆ ಎಳೆಯುವಾಗ ಯಾವುದು ಪ್ರಧಾನ, ಯಾವುದು ಅಂಗ ಎಂಬ ವಿಚಾರ ಏಳುತ್ತದೆ. ಆ ವಿಚಾರವನ್ನು ಎತ್ತಿಕೊಳ್ಳುವ ಉದ್ದೇಶವಿಲ್ಲದಿದ್ದರೆ, ಪಾರಿಭಾಷಿಕ ಪದದ ಬದಲು 'ಶೋಕ' ಎಂಬ ಸಾಮಾನ್ಯ ಪದವೇ ಮೇಲು.

ಇನ್ನು ಕವಿಚರಿತ್ರೆ, ಕಥಾಸಾರ. ಮೊದಲ ಕರಡಿನಲ್ಲಿ ಆರು ಪುಟಗಳನ್ನು ಆಕ್ರಮಿಸಿದ್ದ ಈ ಭಾಗದಿಂದ ಕೊನೆಯ ಕರಡಿಗೆ ಬೇಕಾಗುವುದು ಎರಡು ಮೂರು ಸಂಗತಿಗಳು ಮಾತ್ರ: ಸತ್ಯಾಶ್ರಯ ಭೀಮರ ಸಮೀಕರಣ, ಪಂಪನ ಹದಿಮೂರನೆಯ ಆಶ್ವಾಸದೊಡನೆ ಇರುವ ಸಂಬಂಧ, ಪಟ್ಟಾಭಿಷೇಕದಲ್ಲಿ ಆಗುವ ಮುಕ್ತಾಯ. ಅವು ಪೀಠಿಕೆಯಲ್ಲಿ ರಾಶಿಯಾಗಿ ಬೀಳದೆ, ವಾದಕ್ಕೆ ಬೇಕಾದಾಗ ಬೇಕಾದ ಸ್ಥಳದಲ್ಲಿ ಬರುತ್ತವೆ. ಬಿಟ್ಟ ಸಂಗತಿಗಳು ವ್ಯರ್ಥವಾದವೆಂದು ವಿದ್ಯಾರ್ಥಿ ಮರುಗಬೇಕಾದ್ದಿಲ್ಲ. ಅಡಿಪಾಯವು ಕಾಣದಿದ್ದರೂ ಗೋಡೆಯನ್ನು ಹೊತ್ತಿರುತ್ತದೆ.

ಬರೆದದ್ದನ್ನು ತಿದ್ದಿ ತೋರಿಸುವ ಈ ಪದ್ಧತಿ ನಮಗೆ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತನ್ನ ಮೊದಲನೆಯ ಪರಿಚ್ಛೇದದಲ್ಲಿ ಕಾವ್ಯದೋಷಗಳನ್ನು ವಿವರಿಸುತ್ತ, ದೋಷವುಳ್ಳ ಪದ್ಯವನ್ನು ಉದಾಹರಿಸಿ, ಅದನ್ನು ಹೇಗೆ ತಿದ್ದಬೇಕೆಂಬುದನ್ನೂ ತೋರಿಸುತ್ತದೆ. ದೋಷದ ಲಕ್ಷಣವನ್ನು ಹೇಳಿ ಸುಮ್ಮನಾಗದೆ, ತಿದ್ದುವ ಮುನ್ನ ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು ಎಂಬುದನ್ನು ಕಣ್ಣ ಮುಂದೆ ಇಟ್ಟದ್ದು ಉತ್ತಮ ಅಧ್ಯಾಪಕನ ಲಕ್ಷಣ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥದಲ್ಲಿಯೇ ಬೋಧನೆಯ ಈ ಕ್ರಮ ಇರುವಾಗ, ವಿಮರ್ಶೆಯ ಬೋಧನೆಯಲ್ಲಿ ನಾವು ಅದನ್ನು ಕೈಬಿಟ್ಟಿರುವುದು ಸೋಜಿಗದ ಸಂಗತಿ.

೭

ನಮ್ಮ ತರಗತಿಗಳಲ್ಲಿ ಇದಕ್ಕೆಲ್ಲ ಅವಕಾಶವೆಲ್ಲಿ ಎಂಬ ಪ್ರಶ್ನೆ ಅಧ್ಯಾಪಕರಿಂದ ಬರುವುದು ಸಹಜ. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚು, ಕಾಲ ಕಡಿಮೆ, ಪರೀಕ್ಷೆಯ ಒತ್ತಡ ಬೇರೆ. ಈ ತೊಂದರೆಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವರ್ಷದಲ್ಲಿ ಬರೆಯಿಸುವ ಆರು ಪ್ರಬಂಧಗಳ ಬದಲು ಎರಡನ್ನೇ ಬರೆಯಿಸಿ, ಒಂದೊಂದನ್ನೂ ಮೂರು ಸಲ ಬರೆಯಿಸಬಹುದು. ಓದುವ ಪುಟಗಳ ಸಂಖ್ಯೆಯಲ್ಲಿ ಹೆಚ್ಚಳವಾಗದು. ಮೊದಲ ಸಲ ಒಂದು ಪುಟದ ಯೋಜನೆಯನ್ನು ಮಾತ್ರ ನೋಡಿದರೆ ಸಾಕು. ಎರಡನೆಯ ಸಲ ಅಧ್ಯಾಪಕನು ಪ್ರಶ್ನೆಗಳನ್ನಷ್ಟೇ ಬರೆಯಲಿ; ಅಂಕ ಕೊಡುವುದು ಬೇಡ, ಏಕೆಂದರೆ ಅಂಕ ಬಿದ್ದೊಡನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೆಲಸ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳು ಪರಸ್ಪರರ ಕರಡುಗಳನ್ನು ಓದಿ 'ಈ ಮಾತಿಗೆ ಪದ್ಯ ಎಲ್ಲಿದೆ?' ಎಂಬ ಒಂದೇ ಪ್ರಶ್ನೆಯನ್ನು ಕೇಳುವಂತೆ ಮಾಡಿದರೂ ಸಾಕಷ್ಟು ಪ್ರಯೋಜನವುಂಟು.

ಇಂಥ ಅಭ್ಯಾಸದಿಂದ ಏನಾಗಬಹುದೆಂಬುದಕ್ಕೆ ವಿಮರ್ಶೆಯ ಇತಿಹಾಸದಲ್ಲಿ ನಿದರ್ಶನವಿದೆ. ರಿಚರ್ಡ್ಸ್ ಅವರ ಬಳಿ ವಿದ್ಯಾರ್ಥಿಯಾಗಿದ್ದ ವಿಲಿಯಂ ಎಂಪ್ಸನ್ ಅವರು ಆಗ ಕೈಗೊಂಡ ಬರವಣಿಗೆಯೇ ಬೆಳೆದು ೧೯೩೦ರಲ್ಲಿ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ವಿಟಿ' ಎಂಬ ಗ್ರಂಥವಾಯಿತು. ೧೯೪೭ರಲ್ಲಿ ಅದರ ಎರಡನೆಯ ಆವೃತ್ತಿ ಹೊರಟಾಗ, ಲೇಖಕರು ತಮ್ಮ ಮೇಲೆ ಬಂದ ಆಕ್ಷೇಪಗಳನ್ನು ಹೊಸ ಮುನ್ನುಡಿಯಲ್ಲಿ ಚರ್ಚಿಸಿ, ಅಲ್ಲಲ್ಲಿ ಅಡಿಟಿಪ್ಪಣಿಗಳನ್ನು ಸೇರಿಸಿದರು. ವಿದ್ಯಾರ್ಥಿಯಾಗಿ ಆರಂಭಿಸಿದ ಓದನ್ನು ಹದಿನೇಳು ವರ್ಷಗಳ ತರುವಾಯವೂ ಮರಳಿ ವಿಚಾರಣೆಗೆ ಒಳಪಡಿಸಿದುದು ಇಲ್ಲಿ ಗಮನಿಸತಕ್ಕ ಅಂಶ. ಎಲ್ಲ ವಿದ್ಯಾರ್ಥಿಗಳೂ ಎಂಪ್ಸನ್ ಆಗಲಾರರು. ಆದರೆ ತಾನು ಬರೆದದ್ದನ್ನು ತಾನೇ ಮರಳಿ ಪ್ರಶ್ನಿಸುವ ಅಭ್ಯಾಸ ಪ್ರತಿಭಾವಂತರ ಸ್ವತ್ತು ಮಾತ್ರವಲ್ಲ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಕರಡು ಕೆಂಪು ಗುರುತುಗಳಿಂದ ತುಂಬಿ ಹಿಂದಿರುಗಿದಾಗ ಅದನ್ನು ಸೋಲೆಂದು ತಿಳಿಯುವ ಕಾರಣವಿಲ್ಲ. ಯಾರೂ ಪ್ರಶ್ನಿಸದ ಬರವಣಿಗೆಯೆಂದರೆ, ಯಾರೂ ಗಮನವಿಟ್ಟು ಓದದ ಬರವಣಿಗೆಯೆಂದೇ ಅನೇಕ ವೇಳೆ ಅರ್ಥ. ರನ್ನನು ತನ್ನ ಕಥನಕ್ಕೆ ಸಿಂಹಾವಲೋಕನ ಕ್ರಮವನ್ನು ಆರಿಸಿಕೊಂಡನು. ಮುಂದೆ ನಡೆಯುತ್ತಿರುವ ಸಿಂಹ ತಿರುಗಿ ನೋಡುವುದು ಹಿಂದಕ್ಕೆ ಹೋಗುವುದಕ್ಕಲ್ಲ, ನಡೆದ ದಾರಿಯನ್ನು ಅರಿತು ಮುಂದೆ ಹೋಗುವುದಕ್ಕೆ. ವಿಮರ್ಶೆಯ ಪರಿಷ್ಕರಣವೂ ಅದೇ ಬಗೆಯದು. ಮೂರನೆಯ ಕರಡನ್ನು ಮುಗಿಸಿದ ವಿದ್ಯಾರ್ಥಿಯ ಕೈಯಲ್ಲಿ ಒಂದು ಪ್ರಬಂಧವಿರುತ್ತದೆ. ಅದು ಹತ್ತು ಪುಟಗಳ ಸಣ್ಣ ವಸ್ತು. ಅದರ ಜೊತೆಗೆ ಕಾವ್ಯದ ಕೆಲವು ಪದ್ಯಗಳು ಅವನವಾಗಿರುತ್ತವೆ. ಆ ಪದ್ಯಗಳನ್ನು ಅವನು ಮುಂದೆ ಯಾವ ಕೈಪಿಡಿಯ ನೆರವೂ ಇಲ್ಲದೆ ಮತ್ತೊಬ್ಬರಿಗೆ ಓದಿ ಹೇಳಬಲ್ಲನು. ನಮ್ಮ ಪ್ರಾಚೀನ ಕಾವ್ಯಗಳು ಮುಂದಿನವರಿಗೆ ದಾಟುವ ದಾರಿ ಇದೊಂದೇ ಅಲ್ಲದಿರಬಹುದು. ನಮ್ಮ ತರಗತಿಗಳಿಂದ ಸಾಗುವ ದಾರಿಯಂತೂ ಇದೇ.